ಕಣಜದ ವೇಷ ತೊಟ್ಟ ಮೊನೊಸೆರೊಮಿಯಾ ನೊಣವನ್ನು ಗುರುತಿಸುವುದು ಹೇಗೆ?

ಕಾಂಡದ ಗಾಯದಿಂದ ರಸ ಒಸರುವ ಮರದ ಮೇಲೆ ಸಪೂರ ಸೊಂಟದ, ಕಪ್ಪು ಮೈಗೆ ಹಳದಿ ಪಟ್ಟೆಯ ಕುಂಬಾರ ಕಣಜ ಕೂತಿದೆ ಅಂದುಕೊಳ್ಳಿ. ಅದು ಕುಟುಕಲು ಕೊಂಡಿಯೇ ಇಲ್ಲದ ನೊಣವೂ ಇರಬಹುದು. ಭಾರತದಲ್ಲೂ ಆಗ್ನೇಯ ಏಷ್ಯಾದಲ್ಲೂ ಇರುವ ಮೊನೊಸೆರೊಮಿಯಾ, ಗಾಳಿಯಲ್ಲಿ ನಿಂತಂತೆ ಹಾರುವ ಸಿರ್ಫಿಡ್ ನೊಣಗಳ ಕುಟುಂಬಕ್ಕೆ ಸೇರಿದ ಕುಲ. ಹುಡುಕಲು ಹೂವಿಗಿಂತ ಇಂಥ ಒಸರುವ ಮರವೇ ಒಳ್ಳೆಯ ಜಾಗ.

ಬೇಕಾದದ್ದು 10 ಪಟ್ಟು ಹಿಗ್ಗಿಸುವ ಕೈಮಸೂರ, ಮ್ಯಾಕ್ರೊ ಸೌಲಭ್ಯವಿರುವ ಕ್ಯಾಮೆರಾ, ಜೊತೆಗೆ ತಾಳ್ಮೆ. ನೊಣವೆಂದು ಖಚಿತವಾಗುವ ತನಕ ಕೈಯಲ್ಲಿ ಹಿಡಿಯಬೇಡಿ.

ಮೊದಲು ಕಣ್ಣು ನೋಡಿ. ‘ಎರಡು ರೆಕ್ಕೆಯಿದ್ದರೆ ನೊಣ, ನಾಲ್ಕಿದ್ದರೆ ಕಣಜ’ ಎಂಬ ಶಾಲೆಯ ಪಾಠ ಇಲ್ಲಿ ಕೈಕೊಡುತ್ತದೆ. ಕಣಜದ ಹಿಂದಿನ ರೆಕ್ಕೆ ಮುಂದಿನದಕ್ಕೆ ಕೊಕ್ಕೆ ಹಾಕಿಕೊಂಡಿರುವುದರಿಂದ ಎರಡೇ ಕಾಣುತ್ತವೆ. ಆದರೆ ಕುಂಬಾರ ಕಣಜದ ಕಣ್ಣಿನ ಒಳಅಂಚು ಗೋಡಂಬಿಯಂತೆ ಒಳಕ್ಕೆ ಬಾಗಿರುತ್ತದೆ. ನೊಣದ್ದಕ್ಕೆ ಆ ಬಾಗು ಇಲ್ಲ.

ರೆಕ್ಕೆಯ ಮೋಸ ಸೊಗಸಾದದ್ದು. ಕುಂಬಾರ ಕಣಜ ಕೂತಾಗ ರೆಕ್ಕೆಯನ್ನು ಉದ್ದಕ್ಕೆ ಮಡಚುತ್ತದೆ. ನೊಣಕ್ಕೆ ಅದು ಬಾರದು. ಬದಲಿಗೆ ರೆಕ್ಕೆಯ ಮುಂಭಾಗ ಮಾತ್ರ ಕಂದು, ಹಿಂಭಾಗ ಗಾಜಿನಂತೆ ಪಾರದರ್ಶಕ. ಹಾಗಾಗಿ ಮಡಚಿದಂತೆಯೇ ಕಾಣುತ್ತದೆ. ಚಿತ್ರ ಹಿಗ್ಗಿಸಿದರೆ ಆ ಪಾರದರ್ಶಕ ಭಾಗದಾಚೆ ತೊಗಟೆಯ ಗೀರುಗಳೂ ಕಾಣಿಸುತ್ತವೆ.

ಇನ್ನು ಕುಡಿಮೀಸೆ. ಕಣಜದ ಕುಡಿಮೀಸೆಯಲ್ಲಿ ಹೆಣ್ಣಿಗೆ 12, ಗಂಡಿಗೆ 13 ಗೆಣ್ಣು. ನೊಣದ್ದರಲ್ಲಿ ಮೂರೇ ಗೆಣ್ಣು, ತುದಿಯಲ್ಲೊಂದು ಮುಳ್ಳು. ಮೊನೊಸೆರೊಮಿಯಾದ ಹಣೆಯಿಂದ ಒಂದೇ ಕಡ್ಡಿ ಮುಂದೆ ಚಾಚಿ, ಅದರ ತುದಿಯಲ್ಲಿ ಎರಡೂ ಕುಡಿಮೀಸೆ ಕವಲೊಡೆಯುತ್ತವೆ, ಥೇಟ್ ಕವಣೆಯ ಕವೆಗೋಲು. ಹೆಸರಿನ ಅರ್ಥವೂ ‘ಒಂಟಿಕೊಂಬಿನ ನೊಣ’ ಎಂದೇ. ಎದುರಿನಿಂದ ತೆಗೆದ ಚಿತ್ರದಲ್ಲಿ ಈ ಕಡ್ಡಿ ಮೊಟಕಾಗಿ ಮಾಯವಾಗುತ್ತದೆ, ಆದ್ದರಿಂದ ಪಕ್ಕದಿಂದ ಒಂದು ಚಿತ್ರ ಬೇಕೇ ಬೇಕು. ಕಡ್ಡಿಯಿದ್ದೂ ಸೊಂಟ ದಪ್ಪಗಿದ್ದರೆ ಅದು ಹತ್ತಿರದ ನೆಂಟ ಸಿರಿಯಾನಾ. ಕಡ್ಡಿ ಇಲ್ಲದಿದ್ದರೆ ಅಥವಾ ತೀರಾ ಗಿಡ್ಡವಿದ್ದರೆ ಸ್ಫಿಕ್ಸಿಮಾರ್ಫಾ ಎಂಬ ಇನ್ನೊಂದು ನೆಂಟ.

ಹೆಚ್ಚಿನವರು ಎಡವುವುದು ಕೊನೊಪಿಡ್ ಎಂಬ ಬೇರೆ ಕುಟುಂಬದ ನೊಣದಲ್ಲಿ. ಅದಕ್ಕೂ ಉದ್ದ ಕುಡಿಮೀಸೆ, ಸಣ್ಣ ಸೊಂಟ. ಆದರೆ ಅದರ ಸಪೂರ ಸೊಂಡಿಲು ಮುಂದಕ್ಕೆ ಚಾಚಿರುತ್ತದೆ, ಹೊಟ್ಟೆಯ ತುದಿ ಕೆಳಕ್ಕೆ ಸುರುಳಿಯಾಗಿರುತ್ತದೆ. ಅನುಮಾನ ಉಳಿದರೆ ರೆಕ್ಕೆಯನ್ನು ಬೆಳಕಿಗೆ ಎದುರಾಗಿ ನೋಡಿ: ಸಿರ್ಫಿಡ್‌ಗಳಲ್ಲಿ ನಡುಭಾಗದಲ್ಲಿ ಯಾವ ನರಕ್ಕೂ ಪೂರ್ತಿ ಕೂಡಿಕೊಳ್ಳದ ‘ಹುಸಿನರ’ ಅಡ್ಡನರವೊಂದನ್ನು ದಾಟಿ ಸಾಗುತ್ತದೆ. ಮೊನೊಸೆರೊಮಿಯಾದ ಕಂದು ಬಣ್ಣದಲ್ಲಿ ಇದು ಅಡಗಿರುತ್ತದೆ, ಹಿಂಬೆಳಕಿಲ್ಲದೆ ಕಾಣದು.

ಪ್ರಭೇದದ ಹೆಸರಿಗೆ ಅವಸರ ಬೇಡ. ಹಣೆಯ ಕಡ್ಡಿ ಮತ್ತು ಕುಡಿಮೀಸೆಯ ಮೊದಲ ಗೆಣ್ಣಿನ ಉದ್ದಗಳ ಅನುಪಾತ, ಸೊಂಟದ ಉದ್ದ-ಅಗಲ, ಎದೆಯ ಪಕ್ಕದ ಹಳದಿ ಮಚ್ಚೆಗಳು, ಇಷ್ಟನ್ನೂ ಬರೆದಿಡಿ. ಕೀಟತಜ್ಞ ಬ್ರುನೆಟ್ಟಿ 1923ರಲ್ಲಿ ಬರೆದ ಬ್ರಿಟಿಷ್ ಇಂಡಿಯಾದ ನೊಣಗಳ ಸಂಪುಟದಲ್ಲಿ ಹುಡುಕುವವರು ‘ಸೀರಿಯಾ’ ಎಂಬ ಹಳೆಯ ಕುಲನಾಮದಡಿ ನೋಡಬೇಕು. ಸಂರಕ್ಷಿತ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮಾದರಿ ಹಿಡಿಯುವಂತಿಲ್ಲ. ಅಲ್ಲಿ ಮೇಲಿನಿಂದ, ಪಕ್ಕದಿಂದ, ಮುಖಕ್ಕೆ ಓರೆಯಾಗಿ ತೆಗೆದ ಮೂರು ಚಿತ್ರಗಳಷ್ಟೇ ನಿಮ್ಮ ಪುರಾವೆ.