ಅಪಾಸ್ಟ್ರಫಿ: ಎಸ್‌ಗೆ ಮುಂಚೆಯೋ, ಆಮೇಲೋ?

ಇಂಗ್ಲಿಷಿನಲ್ಲಿ ರಜೆ ಚೀಟಿ ಬರೆಯುವವರ ಕೈ ತಡೆಯುವುದು ಇಲ್ಲೇ. “ಟೂ ಡೇಸ್ ಲೀವ್” ಎನ್ನುವಾಗ ಅಪಾಸ್ಟ್ರಫಿ, ಅಂದರೆ ’ ಎಂಬ ಗುರುತು, ಎಸ್‌ಗೆ ಮುಂಚೆ ಬರಬೇಕೋ, ಆಮೇಲೋ? ಕಿವಿಯನ್ನು ನಂಬಿದರೆ ಗೊತ್ತಾಗುವುದಿಲ್ಲ. ಒಬ್ಬ ಹುಡುಗನ ಪುಸ್ತಕವೂ “ಬಾಯ್ಸ್ ಬುಕ್”, ಹತ್ತು ಹುಡುಗರ ಪುಸ್ತಕವೂ “ಬಾಯ್ಸ್ ಬುಕ್”. ವ್ಯತ್ಯಾಸ ಇರುವುದು ಬರಹದಲ್ಲಿ ಮಾತ್ರ. ಕನ್ನಡದವರಿಗೆ ಒಂದು ಅನುಕೂಲವಿದೆ: ನಮ್ಮ ಷಷ್ಠಿ ವಿಭಕ್ತಿ “ಹುಡುಗನ”, “ಹುಡುಗರ” ಎಂದು ಎರಡನ್ನೂ ಬಾಯಲ್ಲೇ ಬೇರೆ ಮಾಡಿಬಿಡುತ್ತದೆ.

ಆದ್ದರಿಂದ ಮೊದಲು ಕನ್ನಡದಲ್ಲಿ ಕೇಳಿಕೊಳ್ಳಿ: ಹುಡುಗನದ್ದೋ, ಹುಡುಗರದ್ದೋ? ಆಮೇಲೆ ಯಾರದ್ದೋ ಆ ಪದವನ್ನಷ್ಟೇ ಇಂಗ್ಲಿಷಿನಲ್ಲಿ ಪೂರ್ತಿ ಬರೆದು, ಪೆನ್ನು ಎತ್ತಿ, ಕೊನೆಯ ಅಕ್ಷರ ನೋಡಿ. “ಬಾಯ್” ಕೊನೆಗೆ ಎಸ್ ಇಲ್ಲ. ಅಪಾಸ್ಟ್ರಫಿ ಹಾಕಿ ಎಸ್ ಸೇರಿಸಿ: ಬಾಯ್’ಸ್. “ಬಾಯ್ಸ್” ಎಂಬಲ್ಲಿ ಬಹುವಚನದ ಎಸ್ ಆಗಲೇ ಬಂದಿದೆ. ಅದಾದ ಮೇಲೆ ಅಪಾಸ್ಟ್ರಫಿಯೊಂದೇ ಸಾಕು: ಬಾಯ್ಸ್’. ರಜೆ ಚೀಟಿಯೂ ಹೀಗೆಯೇ. ಒಂದು ದಿನಕ್ಕೆ ಒನ್ ಡೇ’ಸ್ ಲೀವ್, ಎರಡು ದಿನಕ್ಕೆ ಟೂ ಡೇಸ್’ ಲೀವ್.

ಈ ಕ್ರಮ ಬಿಡದಿದ್ದರೆ ಚಿಲ್ಡ್ರನ್, ವಿಮೆನ್ ಕೂಡ ತೊಡಕಾಗುವುದಿಲ್ಲ. ಬಹುವಚನವಾದರೂ ಕೊನೆಗೆ ಎಸ್ ಇಲ್ಲವಲ್ಲ! ಹಾಗಾಗಿ ನವೆಂಬರ್ 14 ಚಿಲ್ಡ್ರನ್’ಸ್ ಡೇ, ಸೆಪ್ಟೆಂಬರ್ 5 ಟೀಚರ್ಸ್’ ಡೇ. ಮದರ್’ಸ್ ಡೇ ಏಕವಚನದಲ್ಲಿದೆ. ಅಮೆರಿಕದಲ್ಲಿ ಈ ಆಚರಣೆಗಾಗಿ ದುಡಿದ ಆನಾ ಜಾರ್ವಿಸ್, ಪ್ರತಿ ಮನೆಯವರೂ ತಮ್ಮ ತಾಯಿಯನ್ನು ನೆನೆಯಲಿ ಎಂದೇ ಅದನ್ನು ಹಾಗೆ ಇಡಿಸಿದರು.

ಶ್ರೀನಿವಾಸ್, ಸುಹಾಸ್, ದಾಸ್ ಮುಂತಾದ ಹೆಸರುಗಳು ನಮ್ಮಲ್ಲಿ ಹೇರಳ. ಇಲ್ಲಿನ ಎಸ್ ಹೆಸರಿನದ್ದೇ, ಬಹುವಚನದ್ದಲ್ಲ. ಶಿಕಾಗೊ ಶೈಲಿ ಕೈಪಿಡಿ ಶ್ರೀನಿವಾಸ್’ಸ್ ಎಂದು ಇನ್ನೊಂದು ಎಸ್ ಸೇರಿಸಲು ಹೇಳುತ್ತದೆ; ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿಯಲ್ಲಿ ಬರೀ ಅಪಾಸ್ಟ್ರಫಿ. ಎರಡೂ ಸರಿ. ಉಚ್ಚಾರಕ್ಕೆ ಹತ್ತಿರವಾದ ಮೊದಲನೆಯದೇ ಮಕ್ಕಳಿಗೆ ಕಲಿಸಲು ಒಳ್ಳೆಯದು. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಅತಿ ಹೆಚ್ಚು ತಪ್ಪಾಗುವುದು “ಇಟ್ಸ್” ವಿಷಯದಲ್ಲಿ. “ಅದರ” ಎಂಬ ಅರ್ಥವಿದ್ದರೆ ಅಪಾಸ್ಟ್ರಫಿ ಇಲ್ಲ. ಹರ್ಸ್, ಅವರ್ಸ್, ಯುವರ್ಸ್, ದೇರ್ಸ್ ಎಂಬುವಕ್ಕೂ ಇಲ್ಲ. ಅಪಾಸ್ಟ್ರಫಿ ಮೂಲತಃ ಬಿಟ್ಟುಹೋದ ಅಕ್ಷರದ ಗುರುತು. ಇಟ್’ಸ್ ಎಂದರೆ ಇಟ್ ಈಸ್ ಅಥವಾ ಇಟ್ ಹ್ಯಾಸ್. ಬಿಡಿಸಿ ಓದಿ ನೋಡಿ. ನಾಯಿ “ಇಟ್ ಈಸ್ ಟೇಲ್” ಅಲ್ಲಾಡಿಸಿತು ಎಂದರೆ ಅರ್ಥವೇ ಇಲ್ಲ. ಅಲ್ಲಿ ಗುರುತು ಬೇಡ.

ಕನ್ನಡದ ನೆರವಿಗೂ ಒಂದು ಮಿತಿಯಿದೆ. ಮರದ ಬಾಗಿಲು ವುಡನ್ ಡೋರ್, ಮೇಜಿನ ಕಾಲು ಟೇಬಲ್ ಲೆಗ್. ಷಷ್ಠಿ ಕಂಡಲ್ಲೆಲ್ಲ ಅಪಾಸ್ಟ್ರಫಿ ಬರುವುದಿಲ್ಲ. ಬರೀ ಬಹುವಚನಕ್ಕಂತೂ ಖಂಡಿತ ಬೇಡ: ಅಂಗಡಿಯ ಬೋರ್ಡಿನ ಮೇಲೆ ಮೊಬೈಲ್’ಸ್ ಎಂದು ಬರೆಸಿದರೆ, ಮೊಬೈಲಿನ ಏನು ಎಂಬ ಪ್ರಶ್ನೆ ಉಳಿಯುತ್ತದೆ.

ಕೈಬರಹದಲ್ಲಿ ಗುರುತನ್ನು ಅಲ್ಪವಿರಾಮದಂತೆ ಗೆರೆಯ ಮೇಲೆ ಇಳಿಸದೆ, ಅಕ್ಷರದ ತಲೆಮಟ್ಟದಲ್ಲಿ ಹಾಕಬೇಕು. ಅದೂ ಎರಡು ಅಕ್ಷರಗಳ ನಡುವಿನ ಸಂದಿಯಲ್ಲಿ, ಇಲ್ಲವೇ ಎಸ್ ದಾಟಿದ ಮೇಲೆ. ಮಕ್ಕಳು ಎಸ್‌ನ ನೆತ್ತಿಯ ಮೇಲೆಯೇ ಕೂರಿಸಿಬಿಡುತ್ತಾರೆ. ಆಗ ಹುಡುಗನದ್ದೋ ಹುಡುಗರದ್ದೋ ಎಂದು ಉತ್ತರಪತ್ರಿಕೆ ತಿದ್ದುವವರಿಗೆ ತಿಳಿಯುವುದಿಲ್ಲ.