ಕಳೆನಾಶಕ ಹೊಡೆದ್ರೂ ಭತ್ತದ ಕಳೆ ಸಾಯ್ತಿಲ್ವಾ? ಹಿಂಗೆ ಮಾಡಿ ನೋಡಿ

ಗಂಗಾವತಿ, ಸಿಂಧನೂರು ಕಡೆ ಆಳು ಸಿಗಲ್ಲ, ಕಾಲುವೆ ನೀರು ಲೇಟು ಅಂತ ಎಷ್ಟೋ ಜನ ನಾಟಿ ಬಿಟ್ಟು ಕೂರಿಗೆ ಭತ್ತಕ್ಕೆ, ಅಂದ್ರೆ ಬೀಜನ ನೇರವಾಗಿ ಗದ್ದೆಗೇ ಬಿತ್ತೋದಕ್ಕೆ ಬಂದಿದ್ದಾರೆ, ತಪ್ಪೇನಿಲ್ಲ, ಆದ್ರೆ ಶುರುವಲ್ಲಿ ನಿಂತ ನೀರು ಇಲ್ದೇ ಭತ್ತದ ಜೊತೆಗೇ ಕಳೆನೂ ಹುಟ್ಟುತ್ತೆ, ಆಮೇಲೆ ಪೂರ್ತಿ ಭಾರ ಕಳೆನಾಶಕದ ಮೇಲೆ. ವರ್ಷಾ ವರ್ಷಾ ಒಂದೇ ಔಷಧಿ ಹೊಡೆದ್ರೆ ಅದಕ್ಕೆ ಜಗ್ಗದ ನಾಲ್ಕು ಗಿಡ ಉಳೀತವೆ, ಬೀಜ ಉದುರಿಸ್ತವೆ, ಮುಂದೆ ಗದ್ದೆ ತುಂಬಾ ಅವುಗಳದ್ದೇ ಸಂತಾನ. ಕೇರಳ, ಛತ್ತೀಸಗಢದಲ್ಲಿ ಬಿಸ್‌ಪೈರಿಬ್ಯಾಕ್ ಅನ್ನೋ ಕಳೆನಾಶಕಕ್ಕೆ ಬಗ್ಗದ ಜೇಕು ಕಳೆ ಈಗಾಗ್ಲೇ ಸಿಕ್ಕಿದೆ.

ಮೊದಲು ಔಷಧಿ ನಿಜವಾಗ್ಲೂ ಸೋತಿದೆಯಾ ನೋಡಿ. ಹೊಡೆದು 15 ದಿನಕ್ಕೆ ಗದ್ದೆಗೆ ಇಳೀರಿ. ಕಳೆ ಪಟ್ಟಿ ಪಟ್ಟಿಯಾಗಿ ಉಳಿದಿದ್ರೆ ನಾಜಲ್ ತಪ್ಪು, ಎಲ್ಲಾ ಜಾತಿನೂ ಉಳಿದಿದ್ರೆ ಡೋಸ್ ಕಮ್ಮಿ ಆಗಿದೆ ಇಲ್ಲಾ ಕಳೆ ಬಲಿತ ಮೇಲೆ ಹೊಡೆದಿದ್ದೀರಿ. ಮಿಕ್ಕಿದ್ದೆಲ್ಲ ಸತ್ತು ಒಂದೇ ಜಾತಿದು, ಅದೂ ಸತ್ತ ಗಿಡದ ಪಕ್ಕದಲ್ಲೇ ಹಸಿರಾಗಿ ನಿಂತಿದ್ರೆ ಆ ಕಳೆ ಔಷಧಿಗೆ ಜಗ್ಗದಂಗಾಗಿದೆ ಅಂತ ಅನುಮಾನ ಪಡಿ. ಭತ್ತದ ಹಾಗೇ ಕಾಣೋ ಹುಲ್ಲಾದ್ರೆ ಎಲೆ ಕಾಂಡಕ್ಕೆ ಸೇರೋ ಜಾಗ ಬಿಡಿಸಿ ನೋಡಿ, ಭತ್ತಕ್ಕೆ ಅಲ್ಲಿ ನಾಲಿಗೆ ಥರ ತೆಳ್ಳನೆ ಬಿಳಿ ಪೊರೆ ಇರುತ್ತೆ, ಆ ಹುಲ್ಲಿಗೆ ಅಲ್ಲಿ ಬೋಳು.

ಎರಡನೇದು, ಇದನ್ನ ದಯವಿಟ್ಟು ಗಮನ ಇಟ್ಟು ಓದಿ, ಬ್ರ್ಯಾಂಡ್ ಬದಲಾಯಿಸಿದ್ರೆ ಔಷಧಿ ಬದಲಾದಂಗಲ್ಲ. ಡಬ್ಬಿ ಮೇಲಿನ ಟೆಕ್ನಿಕಲ್ ಹೆಸರು, ಅಂದ್ರೆ ಒಳಗಿರೋ ಮೂಲ ಔಷಧಿ ಹೆಸರು ನೋಡಿ. ಬಿಸ್‌ಪೈರಿಬ್ಯಾಕ್, ಪೆನಾಕ್ಸುಲಮ್, ಇಥಾಕ್ಸಿಸಲ್ಫ್ಯುರಾನ್ ಮೂರೂ ಕಳೆಯೊಳಗೆ ಒಂದೇ ಕಿಣ್ವನ ಹಿಡಿಯೋದು, ಒಂದಕ್ಕೆ ಬಗ್ಗದ ಕಳೆ ಇನ್ನೊಂದಕ್ಕೂ ಬಗ್ಗದೇ ಇರಬಹುದು. ಸೈಹ್ಯಾಲೊಫಾಪ್ ಬೇರೆ ಗುಂಪು, ಬೇರೆ ಕಿಣ್ವನ ಹಿಡಿಯುತ್ತೆ, ಆದ್ರೆ ಹುಲ್ಲಿಗೆ ಮಾತ್ರ, ಜೇಕಿಗೆ ನಡೆಯಲ್ಲ. ಬಿತ್ತಿದ ತಕ್ಷಣ ಹೊಡೆಯೋ ಪೆಂಡಿಮೆಥಾಲಿನ್ ಇನ್ನೊಂದು ಗುಂಪು.

ಮೂರನೇದು, ಬಿತ್ತೋಕೆ ಮುಂಚೆ ಒಂದ್ಸಲ ನೀರು ಬಿಟ್ಟು ಹತ್ತು ಹದಿನೈದು ದಿನ ಕಾಯಿರಿ, ಮೇಲಿನ ಕಳೆ ಬೀಜ ಮೊಳೆಯುತ್ತೆ, ತೆಳುವಾಗಿ ಕುಂಟೆ ಹೊಡೆದು ಸಾಯಿಸಿ, ಆಳಕ್ಕೆ ಉಳುಮೆ ಬೇಡ, ಅಡಿಯಲ್ಲಿರೋ ಬೀಜ ಮೇಲೆ ಬರುತ್ತೆ. ನೀರಿನ ಅನುಕೂಲ ಇದ್ರೆ ಒಂದು ವರ್ಷ ನಾಟಿ ಮಾಡಿ ಎರಡಿಂಚು ನೀರು ನಿಲ್ಲಿಸಿ, ಹುಲ್ಲು ಮೇಲೇಳೋಕೆ ಕಷ್ಟ.

ಬಿಸ್‌ಪೈರಿಬ್ಯಾಕ್ ಹೊಡೆಯೋದಾದ್ರೆ ಕಳೆ ಎರಡರಿಂದ ನಾಲ್ಕೆಲೆ ಇದ್ದಾಗ್ಲೇ ಹೊಡೀರಿ. ಗದ್ದೆ ನೀರು ಬಸಿದು, ಬೀಸಣಿಗೆ ಥರ ಹರಡೋ ಫ್ಲಾಟ್ ಫ್ಯಾನ್ ನಾಜಲ್ ಹಾಕಿ, ಡಬ್ಬಿ ಮೇಲೆ 10% ಅಂತಿರೋ ಔಷಧಿ ಎಕರೆಗೆ 80ರಿಂದ 100 ಎಂಎಲ್. ಎರಡು ಮೂರು ದಿನ ಬಿಟ್ಟು ನೀರು ಕಟ್ಟಿ.

ಆಮೇಲೂ ಉಳಿದ ಗಿಡನ ತೆನೆ ಬಲಿಯೋ ಮುಂಚೆ ಕೈಯಲ್ಲೇ ಕೀಳಿಸಿ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತೆ, ಕಿತ್ತಿದ್ದನ್ನ ಬದು ಮೇಲೆ ಬಿಸಾಕಿದ್ರೆ ನೀರಲ್ಲಿ ತೇಲಿ ಪಕ್ಕದವರ ಗದ್ದೆಗೂ ಹೋಗುತ್ತೆ, ಚೀಲಕ್ಕೆ ತುಂಬಿ ಹೊರಗೆ ಒಯ್ದು ಸುಟ್ಟುಬಿಡಿ.