ಗಡಿಯಾರಕ್ಕೆ ಜಿಪುಣತನ, ಸೀರೆಗೆ ಧಾರಾಳ

ಗೋಡೆ ಗಡಿಯಾರಕ್ಕೆಂದು ಮೈಸೂರಿನ ದೇವರಾಜ ಅರಸು ರಸ್ತೆಗೆ ಹೋದರೆ ಮುನ್ನೂರರದೂ ಸಿಗುತ್ತೆ, ಮೂರು ಸಾವಿರದ್ದೂ ಸಿಗುತ್ತೆ. ಟೈಮಿನ ಮಟ್ಟಿಗೆ ಎರಡೂ ಒಂದೇ. ಎರಡರ ಹೊಟ್ಟೆಯಲ್ಲೂ ಸೆಕೆಂಡಿಗೆ 32,768 ಸಲ ಅದುರುವ ಕ್ವಾರ್ಟ್ಜ್ ಹರಳೇ ಇರೋದು. ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಕೀಲಿ ವಾಚು ದಿನಕ್ಕೆ 4 ಸೆಕೆಂಡು ಹಿಂದೆ ಬಿದ್ದರೂ, 6 ಸೆಕೆಂಡು ಮುಂದೆ ಓಡಿದರೂ ನಿಖರತೆಯ ಪ್ರಮಾಣಪತ್ರಕ್ಕೆ ಅರ್ಹ. ಈ ಬಡಪಾಯಿ ಗಡಿಯಾರ ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ತಪ್ಪಿದರೆ ಹೆಚ್ಚು.

ಸೆಕೆಂಡು ಮುಳ್ಳು ಒಂಬತ್ತರ ಹತ್ತಿರ ನಿಂತಲ್ಲೇ ತಡಬಡಿಸುತ್ತಿದ್ದರೆ ಗಡಿಯಾರ ಕೆಟ್ಟಿಲ್ಲ, ಸೆಲ್ ಸೋತಿದೆ. ಮುಳ್ಳನ್ನು ಮೇಲಕ್ಕೆತ್ತಲು ಶಕ್ತಿ ಸಾಲದು. ಯುಗಾದಿಗೊಮ್ಮೆ ಸೆಲ್ ಬದಲಿಸಿ. ಹಳೇ ಸೆಲ್ ಸೋರಿ ತಗಡು ತಿಂದರೆ ಮಾತ್ರ ಕಷ್ಟ. ಆಗಲೂ ಹಿಂದಿನ ಯಂತ್ರವೊಂದನ್ನೇ ತಂದು ಹಾಕಬಹುದು, ಆದರೆ ಡಯಲ್ಲಿನ ದಪ್ಪ ಅಳೆದುಕೊಂಡು ಹೋಗಿ. ಮುಳ್ಳು ಸಿಕ್ಕಿಸುವ ನಡುಕಡ್ಡಿ ಗಿಡ್ಡವಾದರೆ ನಟ್ಟು ಕೂರೋದಿಲ್ಲ.

ಎಲ್‌ಇಡಿ ಬಲ್ಬಿನ ಕಥೆ ಅರ್ಧ ಹೀಗೇ. ಬೆಳಕು ಕೊಡುವ ಚುಕ್ಕಿ ಅಗ್ಗದ್ದರಲ್ಲೂ ಚೆನ್ನಾಗಿರುತ್ತೆ, ಸಾಯೋದು ಬುಡದಲ್ಲಿರುವ ಕೆಪಾಸಿಟರ್ ಅನ್ನೋ ಪುಟ್ಟ ಬಿಡಿಭಾಗ, ಅದೂ ಶಾಖಕ್ಕೆ. ಮುಚ್ಚಿದ ಗಾಜಿನ ಗುಂಡಿನೊಳಗೆ ಹಾಕಬೇಡಿ. ಮಂಡ್ಯದ ಕಡೆ ಪಂಪ್‌ಸೆಟ್ಟಿನ ಲೈನಿನಲ್ಲಿ ಕರೆಂಟು ಏರಿಳಿಯುವ ಮನೆಯಾದರೆ ಡಬ್ಬಿಯ ಮೇಲೆ 4 ಕೆವಿ (ಕಿಲೋವೋಲ್ಟ್) ಸರ್ಜ್, ಅಂದರೆ ಕರೆಂಟಿನ ದಿಢೀರ್ ಹೊಡೆತ ತಡೆಯುತ್ತೆ ಅಂತ ಬರೆದಿರೋದನ್ನೇ ಕೇಳಿ ತನ್ನಿ. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ರೇಷ್ಮೆಗೆ ಬಂದಾಗ ಈ ಲೆಕ್ಕ ತಲೆಕೆಳಗು. ಪಾಲಿಯೆಸ್ಟರ್ ಕ್ರೇಪು ಈಗ ಎಷ್ಟು ನುಣುಪಾಗಿ ಬರುತ್ತೆಂದರೆ ಕಣ್ಣಿಗೂ ಕೈಗೂ ಮೋಸ. ಅಂಚಿನಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ಬೇರೆಬೇರೆಯಾಗಿ ಸುಟ್ಟು ನೋಡಿ, ಒಂದು ಮಾತ್ರ ರೇಷ್ಮೆ ಇರುವ ಸೀರೆಗಳೂ ಉಂಟು. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಎಳೆ ಕೊಡಲ್ಲ ಅನ್ನೋ ಅಂಗಡಿಯಿಂದ ಎದ್ದುಬನ್ನಿ. ಮೈಸೂರಿನ ಮಾನಂದವಾಡಿ ರಸ್ತೆಯ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಯ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ, ಅಗ್ಗದ್ದರಲ್ಲಿ ಬಣ್ಣ ಬಳಿದ ಪ್ಲಾಸ್ಟಿಕ್ ಎಳೆ. ಹೊಸದರಲ್ಲಿ ಎರಡೂ ಹೊಳೆಯುತ್ತವೆ.

ತಂದ ಸೀರೆಯನ್ನು ಹಳೇ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಲ್ಲ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲವಾದರೆ ಜರಿ ಮಡಿಕೆಯಲ್ಲೇ ಮುರಿಯುತ್ತೆ. ನುಸಿಗುಳಿಗೆ ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿರಲಿ.